ಅಡವಿಟ್ಟ ಚಿನ್ನ, ಗಲ್ಫ್‌ನಿಂದ ಬರೋ ದುಡ್ಡು

ಬೆಳಗ್ಗೆ ಮಾಲೂರು ಸ್ಟೇಷನ್ನಿಗೆ ಹೋದರೆ ಬೆಂಗಳೂರು ರೈಲಿಗೆ ಕಾಯುವವರ ಗುಂಪು ಕಾಣುತ್ತದೆ. ಕೋಲಾರ, ಮುಳಬಾಗಿಲಲ್ಲಿ ವಿಚಾರಿಸಿದರೆ ‘ಮಗ ದುಬೈನಲ್ಲಿದ್ದಾನೆ’ ಅನ್ನೋ ಮನೆಯೂ ಸಿಗುತ್ತೆ. ಊರು ಬಿಟ್ಟು ದುಡಿದು ಮನೆಗೆ ಕಳಿಸೋದು ನಮಗೆ ಹೊಸದಲ್ಲ. ಆದರೆ ಜಗತ್ತಿನಲ್ಲೆಲ್ಲೋ ಬಿಕ್ಕಟ್ಟಾದರೆ ಈ ದುಡ್ಡಿಗೇನಾಗುತ್ತೆ?

1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತ್‌ಗೆ ನುಗ್ಗಿತು. ತೈಲದ ಬೆಲೆ ಏರಿತು. ಕುವೈತ್‌ನಲ್ಲಿ ದುಡಿಯುತ್ತಿದ್ದ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನದಲ್ಲಿ ವಾಪಸ್ ಕರೆತಂದರು. ಅವರು ಕಳಿಸುತ್ತಿದ್ದ ಹಣ ನಿಂತಿತು. ಅಂದರೆ ಡಾಲರ್ ಖರ್ಚು ಹೆಚ್ಚಾಯ್ತು, ಡಾಲರ್ ಬರೋ ದಾರಿಯೊಂದು ಮುಚ್ಚಿತು. 1991ರ ಜೂನ್ ಹೊತ್ತಿಗೆ ದೇಶದ ಕೈಯಲ್ಲಿದ್ದದ್ದು ಎರಡು-ಮೂರು ವಾರದ ಆಮದಿಗೆ ಸಾಲುವಷ್ಟು ಡಾಲರ್ ಮಾತ್ರ.

ಜುಲೈನಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್ ಬಳಿ ಅಡವಿಟ್ಟು ಸುಮಾರು 40 ಕೋಟಿ ಡಾಲರ್ ಸಾಲ ತಂದಿತು. ಇದೆಷ್ಟು ಚಿನ್ನ? ನಮ್ಮ ಕೆಜಿಎಫ್ ಗಣಿಗಳು 120 ವರ್ಷದಲ್ಲಿ ಕೊಟ್ಟದ್ದು ಸುಮಾರು 800 ಟನ್. ಸರಾಸರಿ ಹಾಕಿದರೆ, ಅಡವಿಗೆ ಹೋದದ್ದು ಕೆಜಿಎಫ್‌ನ ಏಳು ವರ್ಷದ ದುಡಿಮೆಯಷ್ಟು!

ಅಂತರರಾಷ್ಟ್ರೀಯ ಹಣಕಾಸು ನಿಧಿ, ಅಂದರೆ ಐಎಂಎಫ್ ಕೂಡ ಸಾಲ ಕೊಟ್ಟಿತು. ಆದರೆ ಐಎಂಎಫ್ ಸಾಲ ಷರತ್ತಿನೊಂದಿಗೇ ಬರುತ್ತೆ: ಸರ್ಕಾರದ ಖರ್ಚು ಇಳಿಸಿ, ಸಬ್ಸಿಡಿ ಕಡಿಮೆ ಮಾಡಿ. ಆ ಜುಲೈ ತಿಂಗಳಲ್ಲೇ ರೂಪಾಯಿಯ ಬೆಲೆಯನ್ನು ಎರಡು ಸಲ ಇಳಿಸಿದರು. ಬಜೆಟ್‌ನಲ್ಲಿ ರಸಗೊಬ್ಬರದ ಬೆಲೆಯನ್ನು 40% ಏರಿಸಿ, ವಿರೋಧ ಬಂದಮೇಲೆ 30%ಕ್ಕೆ ತಂದರು. ಕುವೈತ್ ಎಲ್ಲಿದೆ ಅಂತ ಕೇಳದಿದ್ದ ಶ್ರೀನಿವಾಸಪುರದ ರೈತನಿಗೂ ಬಿಕ್ಕಟ್ಟು ಗೊಬ್ಬರದ ಮೂಟೆಯಲ್ಲಿ ತಲುಪಿತು.

ಹಾಗಂತ ಪ್ರತಿ ಬಿಕ್ಕಟ್ಟಿನಲ್ಲೂ ಮನೆಗೆ ಬರೋ ಹಣ ನಿಲ್ಲಲ್ಲ. 2008ರಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಮುಳುಗಿತು, ದುಬೈನಲ್ಲಿ ಕಟ್ಟಡದ ಕೆಲಸಗಳು ನಿಂತವು. ಆದರೂ ಭಾರತಕ್ಕೆ ಬಂದ ಹಣ 2008ರಲ್ಲಿ ಸುಮಾರು 5,000 ಕೋಟಿ ಡಾಲರ್, 2009ರಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ, ಅಷ್ಟೇ. ಕೊರೊನಾ ಬಂದಾಗ, 2020ರಲ್ಲಿ, 23% ಇಳಿಯುತ್ತೆ ಅಂತ ವಿಶ್ವಬ್ಯಾಂಕ್ ಅಂದಾಜಿಸಿತ್ತು. ಇಳಿಯಲೇ ಇಲ್ಲ ಅನ್ನಬಹುದು. 8,300 ಕೋಟಿ ಡಾಲರ್ ಬಂತು.

ಯಾಕೆ ಹೀಗೆ? ಮನೆಯಲ್ಲಿ ಕಷ್ಟ ಅಂದರೆ ಹೊರಗಿರುವವರು ತಮ್ಮ ಖರ್ಚು ಹಿಡಿದು ಕಳಿಸ್ತಾರೆ. ರೂಪಾಯಿ ಬಿದ್ದರೆ ಅದೇ ದಿರ್ಹಮ್‌ಗೆ ಹೆಚ್ಚು ರೂಪಾಯಿ ಸಿಗುತ್ತೆ. ಮೂರನೆಯದು ಕಣ್ಣಿಗೆ ಕಾಣದ್ದು: ಕೆಲಸ ಕಳೆದುಕೊಂಡು ಬರುವವರು ಇದ್ದಬದ್ದ ಉಳಿತಾಯವನ್ನೆಲ್ಲ ಒಮ್ಮೆಲೇ ತರ್ತಾರೆ. ಲೆಕ್ಕದಲ್ಲಿ ಅದೂ ‘ಬಂದ ಹಣ’ವೇ. ಮುಂದಿನ ತಿಂಗಳು ಆ ಮನೆಗೆ ಬರೋದು ಏನೂ ಇಲ್ಲ.

ಆದ್ದರಿಂದ ‘ಹಣದ ಹರಿವು ಇಳಿದಿಲ್ಲ’ ಅನ್ನೋ ಸುದ್ದಿ ಓದಿದಾಗ, ವಾಪಸ್ ಬಂದವರು ಎಷ್ಟು ಅಂತಲೂ ಕೇಳೋಣ. ಕಷ್ಟಕ್ಕೆ ದೇಶಕ್ಕಾದರೆ ಐಎಂಎಫ್ ಇದೆ. ವಾಪಸ್ ಬಂದವರ ಮನೆಗೆ ಇರೋದು ಅಮ್ಮನ ಒಡವೆ ಮತ್ತು ಪೇಟೆಯ ಗಿರವಿ ಅಂಗಡಿ.