ವದಂತಿಗೆ ವಿಶ್ವಕೋಶದಲ್ಲಿ ಜಾಗವಿದೆಯೇ?

ಪ್ರೌಢಶಾಲೆಯಲ್ಲಿ ಯೋಜನಾ ಕಾರ್ಯ ಕೊಟ್ಟರೆ ಅನೇಕ ಮಕ್ಕಳು ಮೊದಲು ನೋಡುವುದು ವಿಕಿಪೀಡಿಯವನ್ನು. ಅಲ್ಲಿರುವುದನ್ನು ನಿಜವೆಂದು ನಂಬಿ ಬರೆದುಕೊಂಡು ಬರುತ್ತಾರೆ. ಹಾಗಾಗಿ ಇನ್ನೂ ಘೋಷಣೆಯೇ ಆಗದ ತಂತ್ರಜ್ಞಾನದ ಬಗ್ಗೆ ವಿಶ್ವಕೋಶ ಬರೆಯಬಹುದೇ ಎಂಬ ಪ್ರಶ್ನೆ ನಮ್ಮ ತರಗತಿಗೂ ಸಂಬಂಧಿಸಿದ್ದು.

ಇಂಗ್ಲಿಷ್ ವಿಕಿಪೀಡಿಯದ ನೀತಿ ಸ್ಪಷ್ಟವಾಗಿದೆ: ವಿಶ್ವಕೋಶವು ಭವಿಷ್ಯ ಹೇಳುವ ಸ್ಫಟಿಕದ ಗೋಲವಲ್ಲ. ಮುಂದೆ ನಡೆಯುವ ಸಂಗತಿಯನ್ನು ಬರೆಯಬೇಕಾದರೆ ಅದು ಗಮನಾರ್ಹವಾಗಿರಬೇಕು, ನಡೆಯುವುದು ಬಹುಮಟ್ಟಿಗೆ ಖಚಿತವಾಗಿರಬೇಕು. ಊಹೆ, ವದಂತಿಗಳು ನಂಬಲರ್ಹ ಪತ್ರಿಕೆಯಲ್ಲಿ ಬಂದಿದ್ದರೂ ವಿಶ್ವಕೋಶಕ್ಕೆ ಸಲ್ಲವು.

ಆ್ಯಪಲ್ ಕಂಪನಿಯ ಕಾರಿನ ಉದಾಹರಣೆ ನೋಡೋಣ. ಕಾರು 2019ಕ್ಕೆ ಸಿದ್ಧವಾಗಬಹುದೆಂದು 2015ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ವರದಿ ಮಾಡಿತು. 2020ರ ಡಿಸೆಂಬರ್‌ನಲ್ಲಿ ರಾಯಿಟರ್ಸ್ 2024ರ ಗುರಿಯನ್ನು ಹೇಳಿತು. 2024ರ ಫೆಬ್ರವರಿಯಲ್ಲಿ ಬಂದದ್ದು ಕಾರಲ್ಲ, ಯೋಜನೆಯನ್ನೇ ಕೈಬಿಡಲಾಗಿದೆ ಎಂಬ ಬ್ಲೂಮ್‌ಬರ್ಗ್ ವರದಿ. ಕಂಪನಿ ಆ ಕಾರನ್ನು ಎಂದೂ ಘೋಷಿಸಲೇ ಇಲ್ಲ.

ಆದರೂ ಆ ಯೋಜನೆಯ ಬಗ್ಗೆ ವಿಕಿಪೀಡಿಯದಲ್ಲಿ ಪುಟವಿದೆ. ಇದು ನೀತಿಗೆ ವಿರುದ್ಧವೇ? ಎರಡು ವಾಕ್ಯಗಳನ್ನು ಹೋಲಿಸಿದರೆ ಉತ್ತರ ಸಿಗುತ್ತದೆ.

1. ಆ್ಯಪಲ್ ಕಾರು 2024ರಲ್ಲಿ ಬರಲಿದೆ.
2. ಆ್ಯಪಲ್ 2024ಕ್ಕೆ ಕಾರು ತಯಾರಿಸುವ ಗುರಿ ಇಟ್ಟುಕೊಂಡಿದೆ ಎಂದು ರಾಯಿಟರ್ಸ್ 2020ರ ಡಿಸೆಂಬರ್‌ನಲ್ಲಿ ವರದಿ ಮಾಡಿತು.

ಮೊದಲನೆಯದು ಸುಳ್ಳಾಯಿತು. ಎರಡನೆಯದು ಇಂದಿಗೂ ನಿಜ. ಏಕೆಂದರೆ ಅದು ಹೇಳುವುದು ವರದಿ ಬಂದ ಸಂಗತಿಯನ್ನು, ಕಾರು ಬರುವುದನ್ನಲ್ಲ.

ವದಂತಿಯನ್ನು ಪೂರ್ತಿ ಹೊರಗಿಟ್ಟರೆ ಓದುಗರು ಅದನ್ನು ಇನ್ನೂ ಕಡಿಮೆ ಎಚ್ಚರವಿರುವ ಜಾಗದಲ್ಲಿ ಹುಡುಕುತ್ತಾರೆ ಎಂಬ ವಾದವೂ ಇದೆ. ಅದರಲ್ಲಿ ಹುರುಳಿದೆ. ಆದರೆ ವಿಶ್ವಕೋಶದಲ್ಲಿನ ಊಹೆಯನ್ನು ಪತ್ರಿಕೆ ಎತ್ತಿಕೊಂಡು, ಆ ಪತ್ರಿಕೆಯನ್ನೇ ವಿಶ್ವಕೋಶ ಆಧಾರವಾಗಿ ತೋರಿಸಿದರೆ, ಆಧಾರವಿಲ್ಲದ ಮಾತಿಗೆ ಎರಡು ಸಾಕ್ಷಿ ಹುಟ್ಟಿದಂತಾಗುತ್ತದೆ. ಆದ್ದರಿಂದ ಪ್ರತ್ಯೇಕ ಪುಟಕ್ಕೆ ಬರೀ ವದಂತಿ ಸಾಲದು. ಪರಿಶೀಲಿಸಬಹುದಾದ ಸಂಗತಿಗಳು ಬೇಕು. ಆ್ಯಪಲ್ ವಿಷಯದಲ್ಲಿ ಅವು ಇದ್ದವು. 2017ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯದ ಮೋಟಾರು ವಾಹನ ಇಲಾಖೆ ಸ್ವಯಂಚಾಲಿತ ವಾಹನಗಳನ್ನು ರಸ್ತೆಯಲ್ಲಿ ಪರೀಕ್ಷಿಸಲು ಕಂಪನಿಗೆ ಅನುಮತಿ ಕೊಟ್ಟಿತ್ತು. ಅದೇ ಜೂನ್‌ನಲ್ಲಿ ಮುಖ್ಯಸ್ಥ ಟಿಮ್ ಕುಕ್ ಸ್ವಯಂಚಾಲಿತ ವ್ಯವಸ್ಥೆಗಳ ಮೇಲೆ ಕೆಲಸ ನಡೆದಿದೆ ಎಂದು ಬಹಿರಂಗವಾಗಿ ಹೇಳಿದರು. ವದಂತಿಯೆಲ್ಲ ಸುಳ್ಳಲ್ಲ ಎಂಬುದನ್ನೂ ಇದು ಮಕ್ಕಳಿಗೆ ತೋರಿಸುತ್ತದೆ.

ಬೋಧನಾಭ್ಯಾಸದ ಒಂದು ಅವಧಿಗೆ ಇದು ಸಾಕಷ್ಟು ಸಾಮಗ್ರಿ. ಕಪ್ಪುಹಲಗೆಯ ಮೇಲೆ ದಾಖಲೆ, ವರದಿ, ಊಹೆ ಎಂಬ ಮೂರು ಅಂಕಣ ಎಳೆಯಿರಿ. ಮೇಲಿನ ಸಂಗತಿಗಳನ್ನು ಚೀಟಿಗಳಲ್ಲಿ ಬರೆದು ಗುಂಪುಗಳಿಗೆ ಹಂಚಿ, ಯಾವುದು ಯಾವ ಅಂಕಣಕ್ಕೆ, ಏಕೆ ಎಂದು ಹೇಳಿಸಿ. ಮೌಲ್ಯಮಾಪನಕ್ಕೆ, ಮಕ್ಕಳು ತಾವು ಕೇಳಿದ ಒಂದು ಮೊಬೈಲ್ ಸುದ್ದಿಯನ್ನು ಯಾರು, ಯಾವಾಗ ಹೇಳಿದರು ಎಂಬುದನ್ನು ಸೇರಿಸಿ ಮತ್ತೆ ಬರೆಯಲಿ. ಯಾರೆಂದು ತಿಳಿಯದಿದ್ದರೆ ಆ ವಾಕ್ಯ ಯೋಜನಾ ಕಾರ್ಯಕ್ಕೆ ಬೇಡ. ಪ್ರಶಿಕ್ಷಣಾರ್ಥಿಗಳು ತಮ್ಮ ಪಾಠ ಯೋಜನೆಗೂ ಇದೇ ಅಳತೆಯನ್ನು ಹಿಡಿಯಬೇಕು.