ಅಮೆರಿಕದ ಕಪಾಟಿನಲ್ಲಿ ಕುಸುಗಲ್ಲಿನ ಹತ್ತಿಯ ಕಥೆ

ಹುಬ್ಬಳ್ಳಿಯಿಂದ ನವಲಗುಂದದತ್ತ ಹೊರಟವರಿಗೆ ದಾರಿಯಲ್ಲಿ ಸಿಗುವ ಊರು ಕುಸುಗಲ್. ಸುತ್ತಲೂ ಕಣ್ಣು ಹಾಯುವಷ್ಟು ದೂರ ಎರೆಭೂಮಿ. 1840ರ ದಶಕದ ಮೊದಲ ವರ್ಷಗಳಲ್ಲಿ ಈ ಊರಿನಲ್ಲಿ ಅಮೆರಿಕದಿಂದ ಬಂದ ಮರ್ಸರ್ ಎಂಬ ಪ್ಲಾಂಟರ್ ಹತ್ತಿಯ ಪ್ರಾಯೋಗಿಕ ಕ್ಷೇತ್ರವೊಂದನ್ನು ತೆರೆದಿದ್ದ. ಧಾರವಾಡದ ರೈತನಿಗೆ ಹತ್ತಿ ಬೆಳೆಯುವುದನ್ನು ಕಲಿಸುವುದು ಅವನಿಗೆ ವಹಿಸಲಾದ ಕೆಲಸವಾಗಿತ್ತು. ಅದು ಹೇಗೆ ಕೊನೆಗೊಂಡಿತೆಂಬುದನ್ನು ಅಂದಿನ ಸರ್ಕಾರಿ ಪತ್ರವ್ಯವಹಾರ ಹೇಳುತ್ತದೆ. ಆ ಪತ್ರಗಳ ಸಾರವಿರುವ ಹಳೆಯ ಪುಸ್ತಕಗಳು ಇಂದು ಯಾರಿಗಾದರೂ ಸುಲಭವಾಗಿ ದೊರೆಯುವುದು ಅಮೆರಿಕದಲ್ಲಿಯೇ ಇರುವ ಡಿಜಿಟಲ್ ಸಂಗ್ರಹಗಳಲ್ಲಿ.

ಮಿಸಿಸಿಪ್ಪಿಯಿಂದ ಎರೆಭೂಮಿಗೆ

ಆ ಕಾಲದಲ್ಲಿ ಲಂಕಾಶೈರ್‌ನ ಗಿರಣಿಗಳು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮರು ಬೆಳೆದ ಹತ್ತಿಯನ್ನೇ ಹೆಚ್ಚಾಗಿ ನಂಬಿಕೊಂಡಿದ್ದವು. ಒಂದೇ ದೇಶದ ಮೇಲಿನ ಈ ಅವಲಂಬನೆ ಬ್ರಿಟಿಷ್ ವ್ಯಾಪಾರಿಗಳಲ್ಲಿ ಆತಂಕ ಹುಟ್ಟಿಸಿತ್ತು. ಭಾರತದ ಹತ್ತಿಯಾದರೋ ಗಿಡ್ಡ ಎಳೆಯದು, ಕಸ ಬೆರೆತದ್ದು ಎಂಬ ದೂರಿಗೆ ಗುರಿಯಾಗಿತ್ತು. ಆದ್ದರಿಂದ ಈಸ್ಟ್ ಇಂಡಿಯಾ ಕಂಪನಿಯು ಕ್ಯಾಪ್ಟನ್ ಬೇಲ್ಸ್ ಎಂಬ ಅಧಿಕಾರಿಯನ್ನು ಅಮೆರಿಕಕ್ಕೆ ಕಳುಹಿಸಿತು. 1840ರಲ್ಲಿ ಹತ್ತು ಮಂದಿ ಪ್ಲಾಂಟರುಗಳು ಬೀಜ, ನೇಗಿಲು ಹಾಗೂ ಹತ್ತಿ ಬಿಡಿಸುವ ಯಂತ್ರಗಳೊಡನೆ ಭಾರತಕ್ಕೆ ಬಂದರು.

ಧಾರವಾಡದಲ್ಲಿ ಆಗ ಬೆಳೆಯುತ್ತಿದ್ದುದು ಜವಾರಿ ಹತ್ತಿ. ಎತ್ತಿನ ಬಂಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿದ್ದ ಕಾರಣ ಪೇಟೆಯಲ್ಲಿ ಅದಕ್ಕೆ ‘ಕುಮಟಾ’ ಎಂದೇ ಹೆಸರು. ಹೊಸದಾಗಿ ಬಂದ ನ್ಯೂ ಓರ್ಲಿಯನ್ಸ್ ತಳಿಯನ್ನು ಜನ ‘ವಿಲಾಯ್ತಿ ಹತ್ತಿ’ ಎಂದು ಕರೆದರು. ಅಂದಿನ ಕಲೆಕ್ಟರ್ ಶಾ ಈ ತಳಿಯ ಪ್ರಸಾರಕ್ಕೆ ಬೆಂಬಲವಾಗಿ ನಿಂತಿದ್ದರು.

ಶಿಕ್ಷಕನ ಒಪ್ಪಿಗೆ

ಕಾಗದಪತ್ರಗಳಲ್ಲಿ ಎದ್ದು ಕಾಣುವುದು ಮರ್ಸರ್ ಸರ್ಕಾರಕ್ಕೆ ಸಲ್ಲಿಸಿದ ಅಭಿಪ್ರಾಯ. ಪ್ರಾಯೋಗಿಕ ಕ್ಷೇತ್ರಗಳು ಸರ್ಕಾರಕ್ಕೆ ವ್ಯರ್ಥ ವೆಚ್ಚ. ಅಮೆರಿಕದ ಬೇಸಾಯ ಪದ್ಧತಿ ಈ ದೇಶಕ್ಕೆ ಹೊಂದುವುದಿಲ್ಲ. ಹವೆ ಮತ್ತು ಮಣ್ಣಿನ ಗುಣ ಬಲ್ಲ ಇಲ್ಲಿನ ರೈತರು ಯಾವ ಯುರೋಪಿಯನ್ನನಿಗಿಂತಲೂ ಚೆನ್ನಾಗಿ, ಕಡಿಮೆ ಖರ್ಚಿನಲ್ಲಿ ಬೆಳೆಯಬಲ್ಲರು. ಆದ್ದರಿಂದ ಕ್ಷೇತ್ರಗಳನ್ನು ಮುಚ್ಚುವುದೇ ಲೇಸು ಎಂಬುದು ಅವನ ಮಾತಿನ ತಾತ್ಪರ್ಯ. ಪಾಠ ಹೇಳಲು ಬಂದವನೇ ವಿದ್ಯಾರ್ಥಿ ತನಗಿಂತ ಬಲ್ಲವನೆಂದು ಲಿಖಿತವಾಗಿ ಒಪ್ಪಿಕೊಂಡ ಇಂಥ ದಾಖಲೆಗಳು ವಸಾಹತು ಆಡಳಿತದ ಕಡತಗಳಲ್ಲಿ ವಿರಳ.

ಕ್ಷೇತ್ರದ ಪ್ರಯೋಗ ಸೋತರೂ ಬೀಜ ಸೋಲಲಿಲ್ಲ. ರೈತರು ಅದನ್ನು ತಮ್ಮ ಬೇಸಾಯದ ಕ್ರಮಕ್ಕೆ ಒಗ್ಗಿಸಿಕೊಂಡರು. ಗದಗ, ಹಾವೇರಿಗಳನ್ನೂ ಒಳಗೊಂಡಿದ್ದ ಅಂದಿನ ಧಾರವಾಡ ಜಿಲ್ಲೆಯಲ್ಲಿ 1860ರ ದಶಕದ ಆರಂಭದ ವೇಳೆಗೆ ವಿಲಾಯ್ತಿ ಹತ್ತಿಯ ಬಿತ್ತನೆ ಒಂದು ಲಕ್ಷ ಎಕರೆಯನ್ನು ಮೀರಿತ್ತು. ‘ಧಾರ್ವಾರ್ ಅಮೆರಿಕನ್’ ಎಂಬ ಹೆಸರು ಲಿವರ್‌ಪೂಲ್ ಮಾರುಕಟ್ಟೆಗೂ ಪರಿಚಿತವಾಯಿತು. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ (1861-65) ಅಲ್ಲಿಂದ ಹತ್ತಿಯ ಸಾಗಣೆ ನಿಂತಾಗ ಇಲ್ಲಿನ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು.

ಆದರೆ ತೊಡಕುಗಳೂ ಇದ್ದವು. ಜವಾರಿ ಹತ್ತಿಯನ್ನು ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸಿ ಬಿಡಿಸಲಾಗುತ್ತಿತ್ತು. ವಿಲಾಯ್ತಿ ಹತ್ತಿಯ ಎಳೆ ಬೀಜಕ್ಕೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಅದಕ್ಕೆ ಗರಗಸದ ಹಲ್ಲಿನ ಯಂತ್ರವೇ ಬೇಕಾಯಿತು. ಯಂತ್ರಗಳ ತಯಾರಿಕೆ ಮತ್ತು ದುರಸ್ತಿಗೆಂದು ಧಾರವಾಡದಲ್ಲಿ ಸರ್ಕಾರಿ ಕಾರ್ಖಾನೆ ಸ್ಥಾಪನೆಯಾಯಿತು. ಬೆಲೆ ಏರಿದೊಡನೆ ಎರಡು ಬಗೆಯ ಹತ್ತಿಯನ್ನು ಬೆರೆಸಿ ಮಾರುವ ದಂಧೆಯೂ ಬೆಳೆಯಿತು. ಅದನ್ನು ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಹತ್ತಿ ವಂಚನೆ ತಡೆ ಕಾಯ್ದೆಯನ್ನು ಜಾರಿಗೆ ತಂದಿತು. ಯುದ್ಧ ಮುಗಿದ ಮೇಲೆ ಬೆಲೆ ಕುಸಿಯಿತು. 1876-78ರ ಭೀಕರ ಬರ ಈ ಸೀಮೆಯನ್ನು ಹಣ್ಣು ಮಾಡಿತು.

ದಾಖಲೆಗಳು ಎಲ್ಲಿವೆ?

ಧಾರವಾಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಹೀಗಾಗಿ ಇಲ್ಲಿನ ಹಳೆಯ ಕಂದಾಯ ಕಡತಗಳನ್ನು ಹುಡುಕುವವರು ಮುಂಬಯಿಯಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರಕ್ಕೂ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳಿಗೂ ಮೊರೆಹೋಗಬೇಕಾಗುತ್ತದೆ. ಸಾಮಾನ್ಯ ಓದುಗನಿಗೆ ಈ ಎರಡೂ ದೂರ.

ಅವನಿಗೆ ನೆರವಾಗಿರುವುದು ಅಮೆರಿಕದ ಎರಡು ಸಂಸ್ಥೆಗಳು. 1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭವಾದ ಇಂಟರ್‌ನೆಟ್ ಆರ್ಕೈವ್ ಒಂದು. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಕೂಡಿ 2008ರಲ್ಲಿ ಸ್ಥಾಪಿಸಿದ ಹಾಥಿ ಟ್ರಸ್ಟ್ ಇನ್ನೊಂದು. ಕಂಪನಿಯ ಪತ್ರವ್ಯವಹಾರವನ್ನು ಆಧರಿಸಿ ರಾಯ್ಲ್ 1851ರಲ್ಲಿ ಬರೆದ ಹತ್ತಿಯ ಗ್ರಂಥ, ಮುಂಬಯಿ ಪ್ರಾಂತದ ಹತ್ತಿ ಬೇಸಾಯ ಕುರಿತು ಕ್ಯಾಸಲ್ಸ್ 1862ರಲ್ಲಿ ಪ್ರಕಟಿಸಿದ ಕೃತಿ, ಕ್ಯಾಂಪ್‌ಬೆಲ್ ಸಂಪಾದಿಸಿದ 1884ರ ಧಾರವಾಡ ಗೆಜೆಟಿಯರ್ ಮುಂತಾದವುಗಳ ಪುಟಗಳನ್ನು ಇಂದು ಅಣ್ಣಿಗೇರಿಯಲ್ಲಿ ಕುಳಿತೇ ಮೊಬೈಲಿನಲ್ಲಿ ತಿರುವಬಹುದು, ಶುಲ್ಕವಿಲ್ಲ. ಹುಡುಕುವಾಗ ಮಾತ್ರ ಹಳೆಯ ಇಂಗ್ಲಿಷ್ ಕಾಗುಣಿತವನ್ನು ಅನುಸರಿಸಬೇಕು. ಧಾರವಾಡ ಅಲ್ಲಿ ‘ಧಾರ್ವಾರ್’ ಆಗಿರುತ್ತದೆ.

ಈ ಅನುಕೂಲಕ್ಕೆ ಮಿತಿಗಳಿವೆ. 2024ರ ಅಕ್ಟೋಬರಿನಲ್ಲಿ ಸೈಬರ್ ದಾಳಿಗೆ ತುತ್ತಾದ ಇಂಟರ್‌ನೆಟ್ ಆರ್ಕೈವ್ ಹಲವು ದಿನ ಸ್ಥಗಿತಗೊಂಡಿತ್ತು. ಜಿಲ್ಲೆಯ ಚರಿತ್ರೆಗೆ ದೂರದ ಒಂದೇ ಕಪಾಟನ್ನು ನೆಚ್ಚಿಕೊಳ್ಳುವುದು ಎಷ್ಟು ಅಪಾಯಕರವೆಂಬುದನ್ನು ಆ ಘಟನೆ ತೋರಿಸಿತು. ಅಲ್ಲದೆ ಈ ಪುಸ್ತಕಗಳು ಆಡಳಿತಗಾರರ ಕಣ್ಣಿನಿಂದ ಬರೆದವು. ಕಲೆಕ್ಟರ್, ಪ್ಲಾಂಟರ್, ವ್ಯಾಪಾರಿಗಳ ಹೆಸರು ಅಲ್ಲಿವೆ. ಬಿತ್ತಿ ಬೆಳೆದ ರೈತ, ಹತ್ತಿ ಬಿಡಿಸಿದ ಹೆಣ್ಣುಮಗಳು ಬಹುಮಟ್ಟಿಗೆ ಅನಾಮಿಕರು. ಮಳೆ, ಮಣ್ಣು ಹಾಗೂ ಆಡಳಿತದ ನಡುವಿನ ಈ ತಿಕ್ಕಾಟವನ್ನು ಸಂದೀಪ್ ಹಜಾರೀಸಿಂಗ್ ಅವರು ಧಾರವಾಡದ ಹತ್ತಿಯ ಬಗ್ಗೆ 2012ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿಶ್ಲೇಷಿಸಿದ್ದಾರೆ. ಅದು ಇಂಗ್ಲಿಷಿನಲ್ಲಿದೆ.

ಹೊಲದಲ್ಲಿ ಉಳಿದ ದಾಖಲೆ

ಕಾಗದದಲ್ಲಿ ಹೆಸರಿಲ್ಲದ ಆ ರೈತರ ಕೆಲಸ ಬೀಜದಲ್ಲಿ ಉಳಿಯಿತು. ಅವರು ತಲೆಮಾರುಗಳಿಂದ ಬೆಳೆಸಿಕೊಂಡು ಬಂದ ಧಾರ್ವಾರ್ ಅಮೆರಿಕನ್ ಹತ್ತಿಯಿಂದ ಆಯ್ದು ರೂಪಿಸಿದ್ದು ‘ಗದಗ-1’ ತಳಿ. ಅದನ್ನು ಕಾಂಬೋಡಿಯಾ ಹತ್ತಿಯೊಡನೆ ಸಂಕರಿಸಿದಾಗ ‘ಲಕ್ಷ್ಮಿ’ ಬಂದಿತು. ಧಾರವಾಡದ ಕೃಷಿ ಸಂಶೋಧನ ಕೇಂದ್ರದಲ್ಲಿ ಡಾ. ಬಿ.ಎಚ್. ಕಟರಕಿ ಅವರು ಲಕ್ಷ್ಮಿಯನ್ನು ತಾಯಿಯಾಗಿಸಿಕೊಂಡು 1972ರಲ್ಲಿ ‘ವರಲಕ್ಷ್ಮಿ’ಯನ್ನು ನೀಡಿದರು. ಎರಡು ಭಿನ್ನ ಪ್ರಭೇದಗಳ ಸಂಕರದಿಂದ ವಾಣಿಜ್ಯ ಬೇಸಾಯಕ್ಕೆ ಬಂದ ಜಗತ್ತಿನ ಮೊದಲ ಹತ್ತಿ ತಳಿಯೆಂದು ಅದು ಹೆಸರಾಯಿತು.

ನವಲಗುಂದ, ಕುಂದಗೋಳ, ಅಣ್ಣಿಗೇರಿಗಳ ಹತ್ತಿ ಬೆಳೆಗಾರರು ಇಂದು ಪ್ರತಿ ವರ್ಷ ಬೀಜಕ್ಕಾಗಿ ಅಂಗಡಿಯ ಪೊಟ್ಟಣವನ್ನು ನೆಚ್ಚಬೇಕಾಗಿದೆ. ಹೊರಗಿನಿಂದ ಬಂದ ಬೀಜವನ್ನು ತಮ್ಮದಾಗಿಸಿಕೊಂಡ ಹಿಂದಿನವರ ಕಥೆ ಅವರಿಗೆ ಕನ್ನಡದಲ್ಲಿ ದೊರೆಯಬೇಕು. ಹತ್ತಿಗೆ ಸಂಬಂಧಿಸಿದ ಈ ಪುಟಗಳನ್ನು ಆಯ್ದು ಅನುವಾದಿಸಿ, ಅದರ ಪ್ರತಿಯನ್ನು ತಾಲ್ಲೂಕು ಗ್ರಂಥಾಲಯಗಳಲ್ಲಿ ಇಡುವುದು ದೊಡ್ಡ ವೆಚ್ಚದ ಕೆಲಸವೇನಲ್ಲ. ಧಾರವಾಡದಲ್ಲಿಯೇ ಎರಡು ವಿಶ್ವವಿದ್ಯಾಲಯಗಳಿವೆ. ಒಂದು ಕೃಷಿಯದು, ಇನ್ನೊಂದರಲ್ಲಿ ಇತಿಹಾಸ ಮತ್ತು ಕನ್ನಡ ಅಧ್ಯಯನದ ವಿಭಾಗಗಳಿವೆ. ಈ ಕೆಲಸಕ್ಕೆ ಬೇಕಾದವರೆಲ್ಲ ಒಂದೇ ಊರಿನಲ್ಲಿದ್ದಾರೆ.