ಲಾಡ್ಜ್‌ನ ವೈಫೈ, ಕೌಂಟರ್‌ನ ಫೋನು: ಮದ್ದು ಇರುವುದು ಸ್ವಿಚ್‌ನಲ್ಲಿ

ಮಿರಜ್ ಅಂದರೆ ಆಸ್ಪತ್ರೆಗಳ ಊರು. ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಆಸ್ಪತ್ರೆ ಕಟ್ಟಿದ ಊರಿದು. ಸಾಂಗ್ಲಿ ಪಕ್ಕದ ಈ ಊರಿಗೆ ಗಡಿ ದಾಟಿ ನಮ್ಮ ಉತ್ತರ ಕರ್ನಾಟಕದ ರೋಗಿಗಳೂ ಬರುತ್ತಾರೆ. ಜೊತೆಗೆ ಬಂದವರು ಉಳಿಯುವುದು ಲಾಡ್ಜ್‌ಗಳಲ್ಲಿ. ರಾತ್ರಿ ಎಲ್ಲ ರೂಮಿನಲ್ಲೂ ವೀಡಿಯೊ ಶುರುವಾದರೆ ಕೌಂಟರ್‌ನ ಇಂಟರ್ನೆಟ್ ಫೋನಿನಲ್ಲಿ ಮಾತು ತುಂಡು ತುಂಡು. "ಕೂಡಲೇ ಬನ್ನಿ" ಎಂಬ ಆಸ್ಪತ್ರೆಯ ಕರೆ ಅದೇ ಹೊತ್ತಿಗೆ ಬಂದರೆ?

"ದೊಡ್ಡ ಪ್ಲಾನ್ ಹಾಕಿಸಿ" ಅನ್ನುವವರೇ ಜಾಸ್ತಿ. ಆದರೆ ಒಂದು ಫೋನ್ ಕರೆಗೆ ಬೇಕಾದದ್ದು ಸುಮಾರು 0.1 ಎಂಬಿಪಿಎಸ್ ಮಾತ್ರ. ಅದರ ಕಷ್ಟ ವೇಗದ್ದಲ್ಲ, ಕ್ಯೂನದ್ದು. ಮಾತು ತಲುಪಲು 150 ಮಿಲಿಸೆಕೆಂಡ್ ದಾಟಿದರೆ ಕಿರಿಕಿರಿ ಶುರು.

ಮ್ಯಾನೇಜ್ಡ್ ಸ್ವಿಚ್‌ನಲ್ಲಿ ಕ್ಯೂಓಎಸ್ ಎಂಬ ಸೆಟ್ಟಿಂಗ್ ಇರುತ್ತದೆ. ಅದರಲ್ಲಿ 0ಯಿಂದ 7ರವರೆಗೆ ಎಂಟು ದರ್ಜೆ. ಧ್ವನಿಗೆ ಸಾಮಾನ್ಯವಾಗಿ 5. ಹೊಸದಾಗಿ ಕೆಲಸ ಕಲಿತ ಹುಡುಗರು ಇದನ್ನು ಆನ್ ಮಾಡಿ ಮುಗೀತು ಅಂದುಕೊಳ್ಳುತ್ತಾರೆ. ಏನೂ ಬದಲಾಗುವುದಿಲ್ಲ! ಖಾಲಿ ರಸ್ತೆಯಲ್ಲಿ ಆಂಬುಲೆನ್ಸ್ ಸೈರನ್ ಹಾಕಿದರೆಷ್ಟು, ಬಿಟ್ಟರೆಷ್ಟು? ಸ್ವಿಚ್‌ನ ಪೋರ್ಟ್ 1000 ಎಂಬಿಪಿಎಸ್‌ನದು, ಹೊರಗಿನ ಲೈನ್ 100ರದ್ದು. ಹಾಗಾಗಿ ಕ್ಯೂ ಬೆಳೆಯುವುದು ಸ್ವಿಚ್‌ನಲ್ಲಲ್ಲ, ಅದರಾಚೆಗೆ. ಅಲ್ಲಿ ನಮ್ಮ ದರ್ಜೆಯನ್ನು ಯಾರೂ ಕೇಳುವುದಿಲ್ಲ.

ಆದ್ದರಿಂದ ಮೊದಲು ಮಿತಿ, ಆಮೇಲೆ ದರ್ಜೆ. ನಾಲ್ಕು ಮಹಡಿಗೆ ನಾಲ್ಕು ವೈಫೈ ಪೆಟ್ಟಿಗೆ ಇದ್ದರೆ ಆ ಪೋರ್ಟ್‌ಗಳಿಗೆ ತಲಾ 20 ಎಂಬಿಪಿಎಸ್ ಕಟ್ಟಿ. ಒಟ್ಟು 80, ಉಳಿದ 20 ಕೌಂಟರ್‌ನ ಫೋನು, ಬಿಲ್ಲಿಂಗಿಗೆ. ಮಿತಿ ಮೀರಿದ ಪ್ಯಾಕೆಟ್‌ಗಳನ್ನು ಸ್ವಿಚ್ ಬಿಸಾಡುತ್ತದೆ, ಅದನ್ನು ಗಮನಿಸಿ ಕಳುಹಿಸುವ ಕಡೆಯವರೇ ವೇಗ ಇಳಿಸುತ್ತಾರೆ. ರೌಟರ್ ಕಡೆಯ ಪೋರ್ಟ್‌ನಿಂದ ಹೊರಹೋಗುವುದಕ್ಕೂ 95ರ ಮಿತಿ ಹಾಕಿ. ಆಗ ಅಪ್‌ಲೋಡ್‌ನ ಕ್ಯೂ ಸ್ವಿಚ್‌ನೊಳಗೇ ನಿಲ್ಲುತ್ತದೆ, ದರ್ಜೆ 5ರ ಫೋನು ಮುಂದೆ ಹೋಗುತ್ತದೆ.

ಇಲ್ಲಿ ಎಡವುವವರು ಬಹಳ: 'ಇನ್‌ಗ್ರೆಸ್' ಅಂದರೆ ಸ್ವಿಚ್‌ನೊಳಕ್ಕೆ ಬರುವುದು. ಅತಿಥಿಯ ಪೋರ್ಟ್‌ನಲ್ಲಿ ಅದು ಅವರ ಅಪ್‌ಲೋಡ್, ಡೌನ್‌ಲೋಡ್ ಅಲ್ಲ. ಡೌನ್‌ಲೋಡ್ ತಡೆಯಬೇಕಾದರೆ 'ಇಗ್ರೆಸ್' ಕಡೆ ಮಿತಿ ಹಾಕಬೇಕು.

ಇನ್ನೊಂದು ಮಾತು. ದರ್ಜೆಯ ಗುರುತನ್ನು ಯಾವ ಲ್ಯಾಪ್‌ಟಾಪ್ ಬೇಕಾದರೂ ತಾನೇ ಹಚ್ಚಿಕೊಂಡು ಬರಬಹುದು. 'ಟ್ರಸ್ಟ್' ಆಯ್ಕೆಯನ್ನು ಫೋನಿನ ಪೋರ್ಟ್‌ಗೆ ಮಾತ್ರ ಕೊಡಿ, ಅತಿಥಿಗಳದ್ದನ್ನು 0ಗೇ ಇಳಿಸಿ. ಸೆಟ್ಟಿಂಗ್ ಸೇವ್ ಮಾಡಲು ಮರೆಯಬೇಡಿ; ಕರೆಂಟ್ ಹೋಗಿ ಬಂದರೆ ಮಾಡಿದ್ದೆಲ್ಲ ಅಳಿಸಿ ಹೋಗುವ ಸ್ವಿಚ್‌ಗಳೂ ಇವೆ.